ತೊಡರು ಕಟ್ಟಿದವರು

ಅರಸೀಕೆರೆಯ ರೈಲು ನಿಲ್ದಾಣವನ್ನು ಕಾಣದ ಹಳೆಯ ಮೈಸೂರು ಸೀಮೆಯವರು ಕಡಮೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವವರು ಇದನ್ನು ಹಾದು ಹೋಗಬೇಕು. ಹಾಸನದ ಕಡೆಗೆ ತಿರುಗುವವರು ಇಲ್ಲಿ ತಿರುಗಬೇಕು. ನಮ್ಮೂರಿಗೆ ಹೆಸರು ಬಂದಿರುವುದು ಈ ಜಂಕ್ಷನ್ನಿನಿಂದ ಮತ್ತು ಕೊಬ್ಬರಿಯಿಂದ. ಇತ್ತೀಚಿನ ವರ್ಷಗಳಲ್ಲಿ ಮೂರನೆಯ ನೋಟವೊಂದು ಇದಕ್ಕೆ ಸೇರಿಕೊಂಡಿದೆ. ಬೇಸಗೆ ಬಂದಿತೆಂದರೆ ಕೆಂಪು ಅಂಗಿ ತೊಟ್ಟ ಹುಡುಗರು ಹತ್ತು ಹದಿನೈದು ಮಂದಿ ಬೆಂಗಳೂರಿನ ಗಾಡಿಗಾಗಿ ಕಾಯುತ್ತ ನಿಂತಿರುತ್ತಾರೆ. ಬೆನ್ನ ಮೇಲೆ ೧೮ ಎಂಬ ಅಂಕೆ. ಬಾಯಲ್ಲಿ "ಈ ಸಲ ಕಪ್ ನಮ್ದೇ" ಎಂಬ ಘೋಷ. ಮರುದಿನ ಬೆಳಿಗ್ಗೆ ಅದೇ ಹುಡುಗರು ಇಳಿದು ಬರುವಾಗ ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ. ಮುಖವೇ ಹೇಳುತ್ತಿದ್ದಿತು.

ಆ ಗುಂಪಿನಲ್ಲಿ ನನ್ನ ತಂಗಿಯ ಮೊಮ್ಮಗನೂ ಒಬ್ಬ. ಹಾಗೆ ಸೋಲು ಹೊತ್ತು ಬಂದ ಒಂದು ಬೆಳಿಗ್ಗೆ ಅವನನ್ನು ಕೇಳಿದೆ: "ಅಲ್ಲಪ್ಪಾ, ಗೆಲ್ಲುವ ತಂಡಗಳು ಬೇಕಾದಷ್ಟಿವೆಯಲ್ಲ. ಚೆನ್ನೈಯವರಿದ್ದಾರೆ, ಮುಂಬಯಿಯವರಿದ್ದಾರೆ. ನೀನು ಈ ಸೋಲುವವರ ಹಿಂದೆಯೇ ಏಕೆ ಅಲೆಯುತ್ತೀಯೆ?"

"ತಾತ, ನೀವು ನನ್ನ ವಯಸ್ಸಿನಲ್ಲಿ ಯಾರ ಹಿಂದೆ ಅಲೀತಿದ್ರಿ?" ಎಂದ ಹುಡುಗ. ಉತ್ತರ ನನಗೆ ತಿಳಿದಿದ್ದಿತು. ತಿಳಿದಿದ್ದುದರಿಂದಲೇ ಸುಮ್ಮನಾದೆ.

ನಾವು ಅಲೆದುದು ಮೈಸೂರು ತಂಡದ ಹಿಂದೆ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದುದು ೧೯೩೪ರ ನವೆಂಬರ್ ೪ರಂದು, ಮದರಾಸಿನ ಚೆಪಾಕ್ ಮೈದಾನದಲ್ಲಿ, ಮದರಾಸಿಗೂ ಮೈಸೂರಿಗೂ. ಅದು ಬೆಳಿಗ್ಗೆ ಆರಂಭವಾಗಿ ಅಂದೇ ಮುಗಿದುಹೋಯಿತು. ನಮ್ಮವರು ಮೊದಲನೆಯ ಸಲ ೪೮ಕ್ಕೆ, ಎರಡನೆಯ ಸಲ ೫೯ಕ್ಕೆ ಔಟಾದರು. ಮದರಾಸಿನವರು ಒಂದೇ ಸಲ ಆಡಿ, ೧೩೦ ರನ್ನು ಮಾಡಿ, ಒಂದು ಇನಿಂಗ್ಸ್ ಮತ್ತು ೨೩ ರನ್ನುಗಳಿಂದ ಗೆದ್ದರು. ಎ. ಜಿ. ರಾಮ್‌ಸಿಂಗ್ ಒಬ್ಬರೇ ೧೧ ವಿಕೆಟ್ ಕಿತ್ತರು. ನಮ್ಮ ಕ್ರಿಕೆಟ್ಟಿನ ನಾಂದಿ ಹೀಗಾಯಿತು. ಆಮೇಲೆ ೧೯೪೧–೪೨ರಲ್ಲಿ ಒಮ್ಮೆ, ೧೯೫೯–೬೦ರಲ್ಲಿ ಒಮ್ಮೆ ಮೈಸೂರು ಫೈನಲ್ಲಿನವರೆಗೆ ಹೋಯಿತು. ಎರಡು ಸಲವೂ ಎದುರಿಗಿದ್ದುದು ಬೊಂಬಾಯಿ. ಎರಡು ಸಲವೂ ಬರಿಗೈ. ಆ ಬೊಂಬಾಯಿಯವರು ೧೯೫೮–೫೯ರಿಂದ ೧೯೭೨–೭೩ರವರೆಗೆ ೧೫ ವರ್ಷ ಎಡೆಬಿಡದೆ ಟ್ರೋಫಿಯನ್ನು ಇಟ್ಟುಕೊಂಡಿದ್ದರು. ನನ್ನ ಬಾಲ್ಯವೂ ಹರೆಯದ ಬಹುಭಾಗವೂ ಕಳೆದುದು ಆ ೧೫ ವರ್ಷಗಳ ಒಳಗೆ.

೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಆ ವರ್ಷದ ರಣಜಿ ಸೆಮಿಫೈನಲ್ಲಿನಲ್ಲಿ, ಬೆಂಗಳೂರಿನಲ್ಲಿ, ವಿಶ್ವನಾಥ್ ೧೬೨ ರನ್ನು ಹೊಡೆದರು. ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು. ಪ್ರಸನ್ನ ಅವರ ಚೆಂಡು ಗಾವಸ್ಕರರ ವಿಕೆಟ್ಟನ್ನು ಉರುಳಿಸಿತು. ವಾಡೇಕರ್ ಕಾಲು ಜಾರಿ ರನೌಟಾದರು. ನಮ್ಮೂರಿನ ಕೊಬ್ಬರಿ ಮಂಡಿಯೊಂದರ ರೇಡಿಯೋ ಸುತ್ತ ನಿಂತಿದ್ದ ನಾವು ಆ ಸುದ್ದಿಗಳನ್ನು ಒಂದೊಂದಾಗಿ ಕೇಳಿದೆವು. ಮೊದಲನೆಯ ಇನಿಂಗ್ಸಿನ ಮುನ್ನಡೆಯಿಂದ ಬೊಂಬಾಯಿ ಹೊರಬಿದ್ದಿತು. ಅನಂತರ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ೧೯೭೪ರಲ್ಲಿ ಕರ್ನಾಟಕ ಮೊದಲ ಸಲ ಟ್ರೋಫಿಯನ್ನು ಗೆದ್ದಿತು. ೧೯೩೪ರಿಂದ ೧೯೭೪ಕ್ಕೆ ೪೦ ವರ್ಷ. ಚೆಪಾಕಿನ ಸೋಲನ್ನು ಪತ್ರಿಕೆಯಲ್ಲಿ ಓದಿದ್ದ ಹಿರಿಯರೊಬ್ಬರು ಅಂದು ಮಂಡಿಯಲ್ಲಿ ನಮಗೆಲ್ಲ ಬೆಲ್ಲ ಹಂಚಿದರು. ಗೆದ್ದ ಆಟಗಾರರಲ್ಲಿ ಒಬ್ಬರ ಪರಿಚಯವೂ ಅವರಿಗಿರಲಿಲ್ಲ.

ಹುಡುಗನ ಪಾಲಿಗೆ ಬಂದುದೂ ಇಂಥದೇ ಕಥೆ. ಐ.ಪಿ.ಎಲ್. ಎಂಬ ಪಂದ್ಯಾವಳಿಯ ಮೊದಲ ಆಟ ನಡೆದುದು ೨೦೦೮ರ ಏಪ್ರಿಲ್ ೧೮ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಕೋಲ್ಕತ್ತದ ಮೆಕಲಮ್ ಒಬ್ಬರೇ ಔಟಾಗದೆ ೧೫೮ ಹೊಡೆದರು. ನಮ್ಮ ರಾಯಲ್ ಚಾಲೆಂಜರ್ಸ್ ತಂಡದ ಹನ್ನೊಂದು ಮಂದಿ ಸೇರಿ ಮಾಡಿದುದು ೮೨. ಸೋಲಿನ ಅಂತರ ೧೪೦ ರನ್ನು. ಮುಂದೆ ೨೦೦೯ರ ಫೈನಲ್ಲಿನಲ್ಲಿ ೬ ರನ್ನುಗಳಿಂದ, ೨೦೧೧ರಲ್ಲಿ ೫೮ರಿಂದ, ೨೦೧೬ರಲ್ಲಿ ಬೆಂಗಳೂರಿನಲ್ಲಿಯೇ ೮ರಿಂದ ಸೋಲು. ೨೦೧೭ರಲ್ಲಿ ಕೋಲ್ಕತ್ತದಲ್ಲಿ ಇಡೀ ತಂಡ ೪೯ಕ್ಕೆ ಉದುರಿತು. ಇಷ್ಟಾದರೂ ಮೈದಾನ ತುಂಬುತ್ತಲೇ ಇದ್ದಿತು. ಅರಸೀಕೆರೆಯ ಹುಡುಗರೂ ಹೋಗುತ್ತಲೇ ಇದ್ದರು.

ಕೊನೆಗೆ ೨೦೨೫ರ ಜೂನ್ ೩ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬಿನ ತಂಡವನ್ನು ೬ ರನ್ನುಗಳಿಂದ ಸೋಲಿಸಿ ಕಪ್ ನಮ್ಮದಾಯಿತು. ನಮ್ಮ ಬೀದಿಯಲ್ಲಿ ಪಟಾಕಿ ಮೊಳಗಿತು. ಮರುದಿನ ಬೆಂಗಳೂರಿನಲ್ಲಿ ವಿಜಯೋತ್ಸವವೆಂದು ತಿಳಿದು ಹುಡುಗ ಗೆಳೆಯರೊಡನೆ ನಿಲ್ದಾಣಕ್ಕೆ ಓಡಿದ. ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಮೋರೆ ಊದಿಸಿಕೊಂಡು ಹಿಂದಿರುಗಿದ. ಅಂದು ಸಂಜೆ ಸುದ್ದಿ ಬಂದಿತು. ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ ೧೧ ಮಂದಿ ಸತ್ತಿದ್ದರು.

ಹುಡುಗ ಕೆಂಪು ಅಂಗಿಯನ್ನು ಮಡಿಸಿ ಟ್ರಂಕಿನ ತಳದಲ್ಲಿ ಇಟ್ಟ. ಎರಡು ವಾರ ಅದರ ಮಾತೆತ್ತಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ತಾನಾಗಿಯೇ ಹೇಳಿದ: "ತಾತ, ಅಷ್ಟು ವರ್ಷ ಸೋತಾಗ ಯಾರೂ ಸಾಯಲಿಲ್ಲ. ಗೆದ್ದ ದಿನ ಸತ್ರಲ್ಲ."

ನಾನು ಇತಿಹಾಸದ ಮೇಷ್ಟರಾಗಿದ್ದವನು. ಕಷ್ಟದ ಪ್ರಶ್ನೆ ಬಂದಾಗ ಕಲ್ಲುಗಳ ಹತ್ತಿರ ಹೋಗುವುದು ನನ್ನ ಹಳೆಯ ಅಭ್ಯಾಸ. ಒಡೆಯನಿಗಾಗಿ ಪ್ರಾಣ ಕೊಟ್ಟವರ ಒಂದು ಕಂಬ ಹಳೇಬೀಡಿನಲ್ಲಿದೆ; ಅದನ್ನು ಅವನಿಗೆ ತೋರಿಸಬೇಕೆನಿಸಿತು. ಆ ಭಾನುವಾರ ಅವನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಬಾಣಾವರ ದಾಟಿ, ಜಾವಗಲ್ಲಿನಲ್ಲಿ ಬಸ್ಸು ನಿಂತಾಗ, "ಶ್ರೀನಾಥ್ ಹೆಸರಿನ ಮೊದಲಲ್ಲಿರುವ ಜಾವಗಲ್ ಇದೇ" ಎಂದೆ. ಹುಡುಗ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಆ ಎರಡು ವಾರಗಳಲ್ಲಿ ಅವನು ಕ್ರಿಕೆಟ್ಟಿಗೆ ಸಂಬಂಧಪಟ್ಟ ಏನನ್ನಾದರೂ ನೋಡಿದುದು ಅದೇ ಮೊದಲು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳ ವೈಭವವನ್ನು ನಾನು ಇಲ್ಲಿ ವರ್ಣಿಸಬೇಕಾಗಿಲ್ಲ. ೨೦೨೩ರಲ್ಲಿ ಬೇಲೂರು, ಸೋಮನಾಥಪುರಗಳೊಂದಿಗೆ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ನೋಡುವವರ ಸಂಖ್ಯೆ ಹೆಚ್ಚಿದೆ. ಬಂದವರು ಆನೆಗಳ ಸಾಲನ್ನು, ಎರಡು ನಂದಿಗಳನ್ನು ನೋಡುತ್ತಾರೆ. ದೇವಾಲಯದ ದಕ್ಷಿಣಕ್ಕಿರುವ ಕಂಬದ ಹತ್ತಿರ ನಿಲ್ಲುವವರು ವಿರಳ. ಅದರ ಮೇಲೆ ಚಿಕ್ಕ ಚಿಕ್ಕ ವೀರರ ಬೊಂಬೆಗಳಿವೆ. ಕೆಲವರು ಕತ್ತಿಯೆತ್ತಿದ್ದಾರೆ, ಕೆಲವರು ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿದ್ದಾರೆ. ಇದು ಕುವರ ಲಕ್ಷ್ಮನೆಂಬ ದಂಡನಾಯಕನ ಗರುಡಸ್ತಂಭ.

ಹೊಯ್ಸಳರ ಕಾಲದಲ್ಲಿ ಗರುಡರೆಂಬವರಿದ್ದರು. ವಿಷ್ಣುವಿಗೆ ಗರುಡನಿರುವಂತೆ ಅರಸನಿಗೆ ಇವರು. ಅರಸನ ಜೀವವನ್ನು ಕಾಯುವುದು ಇವರ ಕೆಲಸ. ಅರಸನು ಸತ್ತರೆ ತಾವೂ ಸಾಯುವುದು ಇವರ ಪ್ರತಿಜ್ಞೆ. ಆ ಪ್ರತಿಜ್ಞೆಯ ಗುರುತಾಗಿ ಎಡಗಾಲಿಗೆ ತೊಡರು ಎಂಬ ಬಳೆ ತೊಡುತ್ತಿದ್ದರು. ಕುವರ ಲಕ್ಷ್ಮ ಇಮ್ಮಡಿ ವೀರಬಲ್ಲಾಳನ ಗರುಡ. ಕುವರನೆಂದರೆ ಮಗ, ಅರಸನಿಗೆ ಅವನು ಅಷ್ಟು ಹತ್ತಿರದವನು. ೧೨೨೦ರಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಪ್ರಾಣ ಬಿಟ್ಟರು. ಅವರೊಡನೆ ಬಾಳಿ ಅವರೊಡನೆ ಸಾಯುವೆವೆಂದು ಮಾತು ಕೊಟ್ಟಿದ್ದ ಸಾವಿರ ಭಟರನ್ನು ಶಾಸನ ಹೇಳುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಇಂಥ ಕಂಬಗಳು ಇನ್ನೂ ಇವೆ. ಅಲ್ಲಿ ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರಿಗೆ ಗರುಡರಾಗಿ, ಹೆಂಡಿರು ಮತ್ತು ಸೇವಕರೊಡನೆ ಸತ್ತ ಕಥೆಯಿದೆ. ಆಸ್ತಿಯಂತೆ ನಿಷ್ಠೆಯೂ ತಂದೆಯಿಂದ ಮಗನಿಗೆ ಇಳಿಯುತ್ತಿದ್ದಿತು.

ಈ ನಿಷ್ಠೆಗೆ ಹಳಗನ್ನಡದಲ್ಲಿ ಸೊಗಸಾದ ಮಾತುಗಳಿವೆ. ಜೋಳವಾಳಿ ಎಂದರೆ ಉಂಡ ಜೋಳದ ಋಣ. ವೇಳೆವಾಳಿ ಎಂದರೆ ಸಮಯ ಬಂದಾಗ ಪ್ರಾಣ ಕೊಡುವೆನೆಂಬ ಭಾಷೆ. ಹಾಗೆ ಭಾಷೆ ಕೊಟ್ಟವನು ಲೆಂಕ. ಪಂಪನು ೯೪೧ರಲ್ಲಿ ತನ್ನ ಭಾರತವನ್ನು ಮುಗಿಸಿದಾಗ ಅದರಲ್ಲಿ ಕರ್ಣನನ್ನು ಈ ಧರ್ಮದ ಎತ್ತರದಲ್ಲಿ ನಿಲ್ಲಿಸಿದನು. ನೀನು ಕುಂತಿಯ ಮಗ, ಗೆಲ್ಲುವ ಕಡೆಗೆ ಬಾ ಎಂದು ಸ್ವತಃ ಕೃಷ್ಣನೇ ಕರೆದರೂ ಕರ್ಣ ದುರ್ಯೋಧನನನ್ನು ಬಿಡಲಿಲ್ಲ. ನಮ್ಮ ಸಾಹಿತ್ಯ ಸಾವಿರ ವರ್ಷದ ಹಿಂದೆಯೇ ಸೋಲುವ ಪಕ್ಷದಲ್ಲಿ ನಿಂತವನಿಗೆ ಮನ್ನಣೆ ಕೊಟ್ಟಿತು.

ಆದರೆ ಎಲ್ಲರೂ ಕರ್ಣರಾಗಿರಲಿಲ್ಲ, ಎಲ್ಲರೂ ಲಕ್ಷ್ಮರಾಗಿರಲಿಲ್ಲ. ಇದಕ್ಕೆ ಸಾಕ್ಷಿ ನಮ್ಮ ಅರಸೀಕೆರೆಯಲ್ಲಿಯೇ ಇದೆ. ಅಲ್ಲಿಯ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದವನು ರೇಚರಸ. ಇವನು ಮೊದಲು ಕಳಚುರಿಗಳ ಮಂತ್ರಿಯಾಗಿದ್ದವನು. ಆ ರಾಜ್ಯ ಕುಸಿದ ಮೇಲೆ ಇದೇ ವೀರಬಲ್ಲಾಳನ ಆಶ್ರಯಕ್ಕೆ ಬಂದು, ಇಲ್ಲಿಯೂ ಮಾನ್ಯನಾಗಿ ಬಾಳಿದನು. ವಸುಧೈಕಬಾಂಧವ, ಲೋಕಕ್ಕೆಲ್ಲ ನೆಂಟ, ಎಂಬುದು ಅವನ ಬಿರುದು. ಬಸದಿಯಾದುದು ಸುಮಾರು ೧೨೨೦ರಲ್ಲಿ. ಹಳೇಬೀಡಿನಲ್ಲಿ ಒಬ್ಬನು ಒಡೆಯನೊಡನೆ ಸತ್ತ ಕಾಲದಲ್ಲಿಯೇ, ಅರಸೀಕೆರೆಯಲ್ಲಿ ಒಡೆಯನನ್ನು ಬದಲಾಯಿಸಿದ ಇನ್ನೊಬ್ಬನು ಇಂದಿಗೂ ನಿಂತಿರುವ ಬಸದಿಯೊಂದನ್ನು ಕಟ್ಟಿಸುತ್ತಿದ್ದನು. ಅದಕ್ಕಾಗಿ ಅವನನ್ನು ಯಾರೂ ಹಳಿದಂತೆ ಕಾಣುವುದಿಲ್ಲ, ನಾನೂ ಹಳಿಯಲಾರೆ.

ಇದನ್ನು ಹುಡುಗನಿಗೆ ಹೇಳಿದಾಗ ಅವನು ಥಟ್ಟನೆ, "ಹಾಗಾದ್ರೆ ಆಟಗಾರರೆಲ್ಲ ರೇಚರಸರು ತಾತ. ಹರಾಜಿನಲ್ಲಿ ಯಾರು ಕೊಂಡ್ರೆ ಆ ಕಡೆ. ಈ ವರ್ಷ ನಮ್ಮವರು, ಮುಂದಿನ ವರ್ಷ ಎದುರಾಳಿ" ಎಂದ. ಒಂದು ಕ್ಷಣ ಬಿಟ್ಟು, "ಕೊಹ್ಲಿ ಒಬ್ರನ್ನ ಬಿಟ್ಟು" ಎಂದು ಸೇರಿಸಿದ.

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಹೊಯ್ಸಳರ ಕಾಲದಲ್ಲಿ ತೊಡರು ಕಟ್ಟಿದವನು ಕಾದುವ ಭಟ. ಊರಿನ ರೈತನಿಗೋ ಕೊಬ್ಬರಿಯ ವರ್ತಕನಿಗೋ ಆ ಕಟ್ಟಿರಲಿಲ್ಲ. ಇಂದು ಇದು ತಿರುಗುಮುರುಗಾಗಿದೆ. ಕಾದುವವನು ಹರಾಜಿನಲ್ಲಿ ಕೈಯಿಂದ ಕೈಗೆ ಹೋಗುತ್ತಾನೆ; ತೊಡರು ಬಿದ್ದಿರುವುದು ನೋಡುವವನ ಕಾಲಿಗೆ. ಅವನು ಯಾರ ಜೋಳವನ್ನೂ ಉಂಡವನಲ್ಲ. ಬದಲಾಗಿ ಅಂಗಿಗೆ, ಟಿಕೆಟ್ಟಿಗೆ, ರೈಲಿಗೆ ತನ್ನ ದುಡ್ಡನ್ನೇ ಕೊಡುತ್ತಾನೆ. ಲಕ್ಷ್ಮನಿಗಿದ್ದ ಋಣ ಇವನಿಗಿಲ್ಲ. ಆದರೂ ಬಿಡಲಾರ.

ಏಕೆ ಬಿಡಲಾರ? ಸೋಲನ್ನು ನೆನೆದು ನೋಡಿದರೆ ನನಗೆ ತಿಳಿಯುವುದು ಇಷ್ಟು. ಗೆಲುವಿನಲ್ಲಿ ಕಪ್ಪನ್ನು ಎತ್ತುವವರು ಹನ್ನೊಂದು ಮಂದಿ. ನಾವು ದೂರದಿಂದ ಚಪ್ಪಾಳೆ ತಟ್ಟಬಹುದು, ಅಷ್ಟೆ. ಸೋಲು ಹಾಗಲ್ಲ, ಅದು ಎಲ್ಲರ ಪಾಲಿಗೂ ಬರುತ್ತದೆ. ಹಿಂದಿರುಗುವ ಗಾಡಿಯಲ್ಲಿ ಗುರುತಿಲ್ಲದವನೊಬ್ಬ ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ಹೋಗಲಿ ಬಿಡಿ, ಮುಂದಿನ ಸಲ ನೋಡೋಣ" ಎನ್ನುತ್ತಾನೆ. ತಿಪಟೂರಿನವರೆಗೆ ಇಬ್ಬರೂ ಯಾವ ಓವರಿನಲ್ಲಿ ಕೆಟ್ಟಿತೆಂದು ಮಾತಾಡುತ್ತಾರೆ. ಕೊಬ್ಬರಿ ಮಂಡಿಯಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ. ನಮ್ಮವರು ಎಂದು ನಾವು ಹೇಳುತ್ತಿದ್ದುದು ಆಡುವ ಹನ್ನೊಂದು ಮಂದಿಯನ್ನು ಎಂದುಕೊಂಡಿದ್ದೆವು. ನಿಜವಾಗಿ ಅದು ರೇಡಿಯೋ ಸುತ್ತ ನಿಂತಿದ್ದ ನಮ್ಮನ್ನೇ. ತಂಡವನ್ನು ಬಿಟ್ಟುಹೋಗುವುದೆಂದರೆ ಆ ಗುಂಪನ್ನು ಬಿಟ್ಟುಹೋಗುವುದು. ಒಬ್ಬರ ಮೇಲೊಬ್ಬರಿಗಿದ್ದ ಈ ಋಣವೇ ನಮ್ಮ ಜೋಳವಾಳಿ.

ಹೊಯ್ಸಳರಿಗೂ ಸೋಲಿನ ಕಾಲ ಬಂದಿತು. ೧೩೧೧ರಲ್ಲಿ ದೆಹಲಿಯ ಮಲಿಕ್ ಕಾಫರ್ ದ್ವಾರಸಮುದ್ರವನ್ನು, ಅಂದರೆ ಈ ಹಳೇಬೀಡನ್ನೇ, ಮುತ್ತಿದನು. ಮುಮ್ಮಡಿ ಬಲ್ಲಾಳನು ತಲೆಬಾಗಿ ಬೊಕ್ಕಸವನ್ನು ಒಪ್ಪಿಸಬೇಕಾಯಿತು. ಮಗನನ್ನು ದೆಹಲಿಗೆ ಕಳುಹಿಸಬೇಕಾಯಿತು. ಆ ರಾಜಕುಮಾರನು ೧೩೧೩ರಲ್ಲಿ ಮರಳಿ ಬಂದುದನ್ನು ಶಾಸನವೊಂದು ನೆನೆಯುತ್ತದೆ. ೧೩೨೭ರ ಹೊತ್ತಿಗೆ ತುಘಲಕ್ ಸೈನ್ಯದ ದಾಳಿಯಲ್ಲಿ ರಾಜಧಾನಿ ಹಾಳಾಯಿತು. ಬಲ್ಲಾಳನು ತಿರುವಣ್ಣಾಮಲೆಗೆ ಹೋಗಿ ಅಲ್ಲಿಂದ ಹೋರಾಡಿದನು. ಸುಮಾರು ೮೦ ವರ್ಷದ ಮುದುಕನಾಗಿ, ೧೩೪೨–೪೩ರ ಹೊತ್ತಿಗೆ, ತಿರುಚಿರಾಪಳ್ಳಿಯ ಬಳಿಯ ಕಣ್ಣನೂರಿನ ಯುದ್ಧದಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಕೊಲೆಯಾದನು. ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಕೋಟೆಯ ಮೇಲೆ ತೂಗುಹಾಕಿದ್ದರೆಂದು ಯಾತ್ರಿಕ ಇಬ್ನ್ ಬತೂತ ಬರೆದಿದ್ದಾನೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಸೋಲಿನ ಮೇಲೆ ಸೋಲು ಬರುತ್ತಿದ್ದಾಗ, ಊರಿಲ್ಲದ ಆ ಅರಸನೊಡನೆ ಊರಿಂದೂರಿಗೆ ನಡೆದ ಭಟರಿದ್ದರಲ್ಲ, ಅವರು ಯಾವ ಕಪ್ಪಿನ ಆಸೆಯಿಂದ ನಡೆದರು?

ಹುಡುಗ ಕಂಬವನ್ನು ಇನ್ನೊಂದು ಸುತ್ತು ಬಂದ. "ತಾತ, ಸಾವಿರ ಜನ ಅಂದ್ರಲ್ಲ, ಅವರ ಹೆಸರೆಲ್ಲಿ?"

"ಹೆಸರಿಲ್ಲ. ಲಕ್ಷ್ಮನ ಹೆಸರಿದೆ, ಸುಗ್ಗಲದೇವಿಯ ಹೆಸರಿದೆ. ಸಾವಿರಕ್ಕೆ ಸಾವಿರವೆಂಬುದೇ ಹೆಸರು."

"ಇವರು ಸತ್ತಿದ್ರಿಂದ ರಾಜನಿಗೆ ಏನು ಬಂತು? ಅವನು ಮೊದಲೇ ಸತ್ತಿದ್ನಲ್ಲ."

ನಾನು ಎಷ್ಟೋ ವರ್ಷ ಈ ಕಂಬದ ಎದುರು ಮಕ್ಕಳನ್ನು ನಿಲ್ಲಿಸಿ ಸ್ವಾಮಿಭಕ್ತಿಯ ಪಾಠ ಹೇಳಿದವನು. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ೧೨೨೦ರಲ್ಲಿ ಹೊಯ್ಸಳ ರಾಜ್ಯ ಸೋತಿರಲಿಲ್ಲ, ಉನ್ನತಿಯಲ್ಲಿಯೇ ಇದ್ದಿತು. ಬಲ್ಲಾಳನ ಮಗ ನರಸಿಂಹನು ಪಟ್ಟಕ್ಕೆ ಬಂದನು, ರಾಜ್ಯಭಾರ ನಡೆಯಿತು. ರಾಜನ ರಕ್ಷಣೆಯಲ್ಲಿ ಪಳಗಿದ ಕೈಗಳು ಮಾತ್ರ ಉಳಿಯಲಿಲ್ಲ. ನಿಷ್ಠೆಯನ್ನು ಪಡೆಯುವವನಿಗೂ ಒಂದು ಋಣವಿರಬೇಕಲ್ಲವೆ? ಕಟ್ಟಿದ ತೊಡರನ್ನು ಬಿಚ್ಚಿ, "ನೀನು ಬದುಕು" ಎನ್ನುವ ಋಣ? ಆ ಮಾತು ಕಂಬದ ಮೇಲೆ ಇಲ್ಲ. ಬೆಂಗಳೂರಿನ ಆ ಬಾಗಿಲುಗಳ ಬಳಿ ಸತ್ತ ೧೧ ಮಂದಿಯನ್ನು ನೆನೆದಾಗ ನನ್ನ ಮನಸ್ಸಿಗೆ ಬರುವುದೂ ಇದೇ. ಸೋಲಿನ ವರ್ಷಗಳಲ್ಲೆಲ್ಲ ತಂಡವನ್ನು ಹೊತ್ತವರು ಇಂಥ ಜನ. ಗೆದ್ದ ದಿನ ಅವರು ಕೇಳಿದುದು ದೂರದಿಂದ ಒಮ್ಮೆ ಕಣ್ತುಂಬ ನೋಡುವುದನ್ನು, ಆಮೇಲೆ ಮನೆಗೆ ಹೋಗುವುದನ್ನು.

ಹೊತ್ತು ಇನ್ನೂ ಇದ್ದುದರಿಂದ ೧೬ ಕಿಲೋಮೀಟರು ದೂರದ ಬೇಲೂರಿಗೂ ಹೋದೆವು. ನಿಷ್ಠೆಯ ಇನ್ನೊಂದು ಬಗೆಯನ್ನು ಅಲ್ಲಿ ತೋರಿಸಬಹುದೆಂದು ನನ್ನ ಆಸೆ. ಬೇಲೂರಿನ ಚೆನ್ನಕೇಶವ ವಿಜಯದ ದೇವರು. ವಿಷ್ಣುವರ್ಧನನು ತಲಕಾಡನ್ನು ಗೆದ್ದ ಮೇಲೆ ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಸ್ವಾಮಿ, ಶಾಸನಗಳಲ್ಲಿ ವಿಜಯನಾರಾಯಣ. ಆ ವಿಜಯದ ಅರಸರು ಹೋದರು, ಅವರ ವಂಶ ಹೋಯಿತು, ದೇವಾಲಯದ ಮುಂದಿನ ಗೋಪುರ ಬೆಂಕಿಗೆ ತುತ್ತಾಯಿತು. ಅದನ್ನು ೧೩೯೭ರಲ್ಲಿ ಮತ್ತೆ ಕಟ್ಟಿಸಿದವನು ಗುಂಡನೆಂಬ ದಂಡನಾಯಕ. ಅವನು ಹೊಯ್ಸಳರ ಗರುಡನಲ್ಲ. ವಿಜಯನಗರದ ಇಮ್ಮಡಿ ಹರಿಹರನ ಸೇವಕ. ಸೋತುಹೋದ ಮನೆತನದ ದೇವರಿಗೆ, ಆ ಮನೆತನದ ಯಾವ ಋಣವೂ ಇಲ್ಲದವನು ಬಂದು ಸುಟ್ಟ ಬಾಗಿಲನ್ನು ಎತ್ತಿ ನಿಲ್ಲಿಸಿದನು. ಅವನ ಹಿಂದೆಯೂ ಮುಂದೆಯೂ ಹೆಸರಿಲ್ಲದ ಜನ ದೀಪ ಹಚ್ಚಿದರು, ಹೂ ತಂದರು, ತೇರನ್ನು ಎಳೆದರು. ಬೇಲೂರಿನಲ್ಲಿ ಇಂದಿಗೂ ಪೂಜೆ ನಿಂತಿಲ್ಲ. ಗೆದ್ದವನು ಕಟ್ಟಿಸಿದ ಗುಡಿಯನ್ನು ಉಳಿಸಿದವರು ಸೋಲಿನ ಅನಂತರವೂ ಬರುತ್ತಿದ್ದವರು.

ಗೋಪುರದ ಕೆಳಗೆ ಕುಳಿತು ಕಡಲೆಕಾಯಿ ತಿನ್ನುತ್ತ ನಾನು ಹುಡುಗನಿಗೆ ಹೇಳಿದೆ: "ಎರಡು ಬಗೆಯ ನಿಷ್ಠೆ ನೋಡಿದೆ. ಒಂದು ಒಡೆಯನಿಗಾಗಿ ಸಾಯುವುದು. ಇನ್ನೊಂದು ಒಡೆಯನು ಹೋದ ಮೇಲೆಯೂ ಬಾಗಿಲನ್ನು ರಿಪೇರಿ ಮಾಡುತ್ತ ಬದುಕುವುದು. ನಿನಗೆ ಬೇಕಾದರೆ ಎರಡನೆಯದನ್ನು ಇಟ್ಟುಕೋ."

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಸಂಜೆಯ ಬಸ್ಸು ಜಾವಗಲ್ ದಾಟಿದ ಮೇಲೆ, ಹಳೆಯ ಸಂಗತಿಯೊಂದನ್ನು ನೆನೆದವನಂತೆ ಕೇಳಿದ: "ತಾತ, ೧೯೩೪ರಲ್ಲಿ ೪೮ಕ್ಕೆ ಔಟಾದವರು ಮಾರನೆಯ ವರ್ಷವೂ ಆಡಿದ್ರಾ?"

"ಆಡದೆ ಏನು? ಆಡುತ್ತಲೇ ಇದ್ದರು."

"ನೋಡೋಕೆ ಜನ ಬರ್ತಿದ್ರಾ?"

"ಬರುತ್ತಿದ್ದರು. ಹಾಗೆ ಬಂದುದರಿಂದಲೇ ೧೯೭೪ರಲ್ಲಿ ನನಗೆ ಬೆಲ್ಲ ಸಿಕ್ಕಿದುದು."

ಮನೆಗೆ ಬಂದ ಮೇಲೆ ಟ್ರಂಕು ತೆರೆದ ಸದ್ದು ಕೇಳಿಸಿತು. ಮರುದಿನ ಬೆಳಿಗ್ಗೆ ಹಿತ್ತಲಿನ ಹಗ್ಗದ ಮೇಲೆ ಕೆಂಪು ಅಂಗಿ ಒಣಗುತ್ತಿದ್ದಿತು. ಅವನ ಅಜ್ಜಿ ನನ್ನ ಕಡೆ ನೋಡಿ, "ಮತ್ತೆ ಹೋಗ್ತಾನಂತೆ ಅಣ್ಣ" ಎಂದಳು, ದೂರುವ ಧ್ವನಿಯಲ್ಲಿ. ಹುಡುಗ ಒಳಗಿನಿಂದಲೇ ಕೂಗಿ ಹೇಳಿದ: "ಹೋಗ್ತೀನಿ ಅಜ್ಜಿ. ಆದರೆ ಬಾಗಿಲಲ್ಲಿ ನೂಕಾಟ ಕಂಡ್ರೆ ಅಲ್ಲಿಂದಲೇ ವಾಪಸು ಬರ್ತೀನಿ. ಪಂದ್ಯ ಇನ್ನೊಂದಿರುತ್ತೆ."

ಇಷ್ಟು ತಿಳಿದಿದ್ದರೆ ಸಾಕೆಂದು ತಂಗಿಗೆ ಹೇಳಿ ನಾನು ಕಾಫಿಗೆ ಕುಳಿತೆ.